ಒಲೆಯ ಹಿಂದಿನ ಬೂದು ಹಲಗೆ

ಜನವರಿ 9

ಪ್ರೀತಿಯ ತಮ್ಮಾ,

ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆದುಬಿಟ್ಟರೆ ಆಮೇಲೆ ಬರೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಅದನ್ನು ಕೊನೆಗಿಟ್ಟುಕೊಂಡು ಮೊದಲು ಸುದ್ದಿ ಹೇಳುತ್ತೇನೆ. ಅಡುಗೆಮನೆ ಒಡೆಸುತ್ತಿದ್ದೇನೆ.

ಗಾಬರಿಯಾಗಬೇಡ, ಮನೆ ಬೀಳಿಸುತ್ತಿಲ್ಲ. ಈಗ ಒಲೆ ಒಂದು ಮೂಲೆಗಿದೆ, ಸಿಂಕು ಇನ್ನೊಂದು ಮೂಲೆಗಿದೆ, ನಡುವೆ ಮೂರು ಜನ ಕುಣಿಯುವಷ್ಟು ಜಾಗ. ಕಾದ ಪಾತ್ರೆ ಹಿಡಿದು ಅಷ್ಟು ದೂರ ನಡೆದು ನಡೆದು ಸಾಕಾಗಿದೆ. ಒಲೆ, ಕಟ್ಟೆ, ಸಿಂಕು ಒಂದೇ ಸಾಲಿಗೆ ಬರಬೇಕು. ಬಗ್ಗದೆ, ಏಣಿ ಹತ್ತದೆ ಎಲ್ಲವೂ ಕೈಗೆ ಸಿಗಬೇಕು. ಕಪಾಟಿನ ಬಾಗಿಲು ಹಣೆಗೆ ಬಡಿಯಬಾರದು. ಒಲೆಯ ಹಿಂದಿನ ಗೋಡೆಗೆ ಮೇಲಿಂದ ಕೆಳಗಿನವರೆಗೆ ಬಡಿದಿದ್ದಾರಲ್ಲ, ಆ ಬೂದು ಹಲಗೆ, ಅದನ್ನು ಪೂರ್ತಿ ಕೀಳಿಸುತ್ತೇನೆ. ಗಾರೆ ಮೇಸ್ತ್ರಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಮಾರ್ಚ್ ಹತ್ತಕ್ಕೆ ಕೆಲಸ ಶುರು.

ನಿನ್ನ ಭಾವನಿಗೆ ಇದು ಸುತರಾಂ ಇಷ್ಟವಿಲ್ಲ. ಇಷ್ಟು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಮನುಷ್ಯರು, ಅವರಿಗೆ ಎಲ್ಲದಕ್ಕೂ ಒಂದೇ ಸೂತ್ರ. "ನಡೀತಿರೋ ಗಡಿಯಾರ ಬಿಚ್ಚಬಾರದು ಕಣೆ," ಎಂದರು. "ಇದು ಗಡಿಯಾರ ಅಲ್ಲ, ಅಡುಗೆಮನೆ. ಇಲ್ಲಿ ನಡೀತಿರೋದು ನಾನು," ಎಂದೆ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು. ಸಂಜೆ ಬಂದು ಮೇಸ್ತ್ರಿಯ ಅಳತೆ ತಪ್ಪು ಎಂದು ತಾವೇ ಇನ್ನೊಮ್ಮೆ ಅಳೆದರು. ಅಲ್ಲಿಗೆ ಒಪ್ಪಿದಂತೆ ಲೆಕ್ಕ.

ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ನೀನೂ ಕೇಳಬೇಡ. ಆಸೆಯಾಯಿತು, ಅಷ್ಟೇ.

ನೀನು ಬರುವುದು ಯಾವಾಗ? ಹಡಗು ನೀನಿಲ್ಲದೆಯೂ ತೇಲುತ್ತದೆ. ಈ ಸಲ ಮುಂದಿನ ವರ್ಷ ಎನ್ನಬೇಡ, ಈ ವರ್ಷವೇ ಬಾ. ಹೋದ ಸಲ ಕಳಿಸಿದ ಫೋಟೋದಲ್ಲಿ ಮುಖಕ್ಕಿಂತ ಟೋಪಿಯೇ ಜಾಸ್ತಿಯಿದೆ. ಟೋಪಿ ತೆಗೆದು, ಬಿಸಿಲಿಗೆ ನಿಂತು, ದೊಡ್ಡದಾಗಿ ಒಂದು ತೆಗೆಸಿ ಕಳಿಸು.

ಉಳಿದಂತೆ ಎಲ್ಲರೂ ಕ್ಷೇಮ.

ನಿನ್ನ ಅಕ್ಕ


ಜನವರಿ 28

ಅಕ್ಕಾ,

ನಿನ್ನ ಕಾಗದ ಬಂದರಿನ ಏಜೆಂಟರ ಕಚೇರಿಯಲ್ಲಿ ನನಗಿಂತ ಮೊದಲೇ ಬಂದು ಕೂತಿತ್ತು. ದಪ್ಪ ಲಕೋಟೆ ನೋಡಿ ಏನೋ ದೊಡ್ಡ ಜಗಳದ ಸುದ್ದಿ ಇರಬೇಕೆಂದು ಆಸೆಯಿಂದ ಒಡೆದೆ. ನೋಡಿದರೆ ಪುಟಕ್ಕೆ ಏಳೆಂಟು ಸಾಲು. ನಿನ್ನ ಅಕ್ಷರ ಯಾವಾಗ ಇಷ್ಟು ದಪ್ಪವಾಯಿತು? ಕಾಗದದ ಅಂಗಡಿಯವನ ಜೊತೆ ಏನಾದರೂ ಒಪ್ಪಂದವೇ? ಸಾಲುಗಳು ಬೇರೆ ಬಲಗಡೆಗೆ ಜಾರಿಕೊಂಡು ಹೋಗಿವೆ. ಅರವತ್ತಕ್ಕೆ ಅರಳುಮರಳು ಎನ್ನುತ್ತಾರೆ, ನಿನಗೆ ಐವತ್ತೈದಕ್ಕೇ ಬಂತು.

ತಮಾಷೆ ಇಲ್ಲಿಗೆ ಸಾಕು. ಆ ಬೂದು ಹಲಗೆಯನ್ನು ಯಾರೂ ಮುಟ್ಟಬೇಡಿ.

ನೀವು ಮನೆ ಕೊಳ್ಳುವ ಮೊದಲೇ ಅದು ಅಲ್ಲಿತ್ತು. ಆ ಕಾಲದಲ್ಲಿ ಒಲೆಯ ಹಿಂದೆ, ಬೆಂಕಿ ತಾಗುವ ಕಡೆಯೆಲ್ಲ ಹಾಕುತ್ತಿದ್ದದ್ದು ಆಸ್ಬೆಸ್ಟಾಸ್ ಶೀಟು, ಅದೇ ಕಲ್ನಾರು. ಸುಮ್ಮನೆ ಗೋಡೆಯಲ್ಲಿದ್ದರೆ ಅದು ಯಾರ ತಂಟೆಗೂ ಬರುವುದಿಲ್ಲ. ಸುತ್ತಿಗೆ ಹಾಕಿದರೆ, ಗರಗಸ ಆಡಿಸಿದರೆ, ತೂತು ಕೊರೆದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಎಂಜಿನ್ ಕೋಣೆಯಲ್ಲಿ ಹಬೆಯ ಕೊಳವೆಗಳಿಗೆ ಇದನ್ನೇ ಸುತ್ತುತ್ತಿದ್ದರು, ಹಾಗಾಗಿ ನನಗೆ ಗೊತ್ತು. ಎಲ್ಲ ಬೂದು ಹಲಗೆಯಲ್ಲೂ ಅದು ಇರಲೇಬೇಕೆಂದಿಲ್ಲ. ನೋಡಿ ಹೇಳಲು ಆಗುವುದಿಲ್ಲ, ಪರೀಕ್ಷೆಗೆ ಕಳಿಸಿದರೆ ಮಾತ್ರ ಗೊತ್ತಾಗುತ್ತದೆ.

ಪರೀಕ್ಷೆ ಮಾಡುವವರೇ ಬಂದು ಚೂರು ತೆಗೆದುಕೊಂಡು ಹೋದರೆ ಎಲ್ಲಕ್ಕಿಂತ ಒಳ್ಳೆಯದು. ಬರುವುದಿಲ್ಲ ಎಂದರೆ ಭಾವನಿಗೆ ಹೇಳು: ಫ್ಯಾನು ಆರಿಸಿ, ಸರಿಯಾದ ಮುಖವಾಡ ಹಾಕಿಕೊಂಡು, ಜಾಗವನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಒಂದು ಸಣ್ಣ ಚೂರು ತೆಗೆದು, ಒಂದರೊಳಗೊಂದು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ತೆಗೆದ ಜಾಗದ ಮೇಲೆ ಟೇಪು ಅಂಟಿಸಿ. ಪೊರಕೆ ಹಾಕಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಕಟ್ಟಿಡು.

ಬರುವ ವಿಷಯ. ಮೇ ತಿಂಗಳಿಗೆ ಈ ಕರಾರು ಮುಗಿಯುತ್ತದೆ, ಆಮೇಲೆ ಏನೆಂದು ಕಂಪನಿಯವರು ಹೇಳಬೇಕು. ನನ್ನ ಮುಖದಲ್ಲಿ ಹೊಸದೇನೂ ಬೆಳೆದಿಲ್ಲ, ಫೋಟೋಗೆ ಅಷ್ಟು ಅವಸರ ಬೇಡ.

ಫೋನು ಹಾಕಿಸಿ ಎಂದು ಭಾವನಿಗೆ ಇನ್ನೊಮ್ಮೆ ಹೇಳು.

ನಿನ್ನ ತಮ್ಮ


ಫೆಬ್ರವರಿ 24

ತಮ್ಮಾ,

ನಿನ್ನ ಕಾಗದ ಓದಿ ನನಗೆ ಅತ್ತ ದರಿ ಇತ್ತ ಪುಲಿ ಎನ್ನುವ ಹಾಗಾಯಿತು. ಮೇಸ್ತ್ರಿ ಈಗ ಬಿಟ್ಟರೆ ಮತ್ತೆ ಸಿಗುವುದು ಯಾವಾಗಲೋ. ಆದರೂ ನಿನ್ನ ಮಾತು ತೆಗೆದುಹಾಕಲಿಲ್ಲ. ಪ್ರಯೋಗಾಲಯಕ್ಕೆ ಕಳಿಸಿದೆವು, ನಿನ್ನೆ ಫಲಿತಾಂಶ ಬಂತು. ಕಲ್ನಾರು ಇಲ್ಲ. ಇನ್ನು ನೀನು ನಿಶ್ಚಿಂತೆಯಾಗಿ ನಿದ್ದೆ ಮಾಡು.

ಚೂರು ತೆಗೆದ ದಿನ ನಿನ್ನ ಭಾವನನ್ನು ನೋಡಬೇಕಿತ್ತು. ಮುಖವಾಡ, ಅದರ ಮೇಲೆ ಟವೆಲ್ಲು, ಕಣ್ಣಿಗೆ ಅಂಗಡಿಯ ಭೂತಗನ್ನಡಿ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ನೋಡಿ, "ಜೇನು ಕೀಳ್ತಿದೀರಾ?" ಎಂದು ಕೇಳಿದರು. ಗೋಡೆಗೆ ಗಾಯ ಮಾಡಲು ನಿನ್ನ ಭಾವನಿಗೆ ಮನಸ್ಸೇ ಬರಲಿಲ್ಲ. ಶೆಡ್ಡಿನಲ್ಲಿ ಅದೇ ಹಲಗೆಯ ಉಳಿದ ತುಂಡು ಒಂದಿದೆಯಲ್ಲ, ಅದರ ಮೂಲೆಯಿಂದ ನೀನು ಹೇಳಿದ ಹಾಗೆಯೇ ನೀರು ಹಾಕಿ ಕತ್ತರಿಸಿದರು. ಅವರು ಏನನ್ನೂ ಎಸೆಯುವುದಿಲ್ಲ ಎಂದು ಇಷ್ಟು ವರ್ಷ ಬೈದಿದ್ದೆ, ಈಗ ಬಾಯಿ ಮುಚ್ಚಿಕೊಂಡಿದ್ದೇನೆ.

ಹತ್ತನೇ ತಾರೀಕಿನ ಬೆಳಿಗ್ಗೆ ಮೇಸ್ತ್ರಿ ಬರುತ್ತಾರೆ. ನಾನು ಡಬ್ಬಿಗಳನ್ನೆಲ್ಲ ಖಾಲಿ ಮಾಡಲು ಶುರು ಮಾಡಿದ್ದೇನೆ. ಕೈ ಸ್ವಲ್ಪ ಸುಟ್ಟಿದೆ, ಹಾಗಾಗಿ ಅಕ್ಷರ ಇನ್ನೂ ದಪ್ಪ. ನಗಬೇಡ.

ಏಪ್ರಿಲ್ ಮುಗಿಯುವುದರೊಳಗೆ ಹೊಸ ಅಡುಗೆಮನೆ ನನ್ನ ಕೈಗೆ ಬರಬೇಕು. ಆಮೇಲೆ ಅಭ್ಯಾಸಕ್ಕೂ ಸಮಯ ಬೇಕಲ್ಲ. ನೀನು ಮೇ ತಿಂಗಳಲ್ಲಿ ಬಂದರೆ ಮೊದಲ ಚಹಾ ನಿನಗೆ. ಕಂಪನಿಯವರು ಏನಂದರು? ಫೋಟೋ ಎಲ್ಲಿ?

ಅಕ್ಕ


ಮಾರ್ಚ್ 17

(ತಂತಿ)

ಕೆಲಸ ನಿಲ್ಲಿಸಿ. ಶೆಡ್ಡಿನ ತುಂಡು ಬೇರೆ. ಗೋಡೆ ಮುಟ್ಟಬೇಡಿ. ಕಾಗದ ಬರುತ್ತಿದೆ.


ಮಾರ್ಚ್ 17

ಅಕ್ಕಾ,

ತಂತಿ ಕಳಿಸಿ ಅದೇ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನ ಕಾಗದ ಇವತ್ತು ಕೈಗೆ ಸಿಕ್ಕಿತು. ಹತ್ತನೇ ತಾರೀಕು ಕಳೆದು ಹೋಗಿದೆ. ನಾವು ಇವತ್ತಿನವರೆಗೆ ನೀರಿನ ಮೇಲಿದ್ದೆವು, ನಾನೇನು ಮಾಡಲಿ.

ಶೆಡ್ಡಿನಲ್ಲಿರುವ ತುಂಡು ಅಡುಗೆಮನೆಯದ್ದಲ್ಲ. ಅದು ಬಚ್ಚಲುಮನೆಯ ಚಾವಣಿಯದ್ದು. ನಾನು ರಜೆಗೆ ಬಂದಿದ್ದಾಗ ಭಾವನೂ ನಾನೂ ಸೈಕಲ್ಲಿನ ಮೇಲೆ ಅಡ್ಡ ಇಟ್ಟುಕೊಂಡು ತಂದೆವು, ತಿರುವಿನಲ್ಲಿ ವಿದ್ಯುತ್ ಕಂಬಕ್ಕೆ ಬಡಿದು ಮೂಲೆ ಮುರಿಯಿತು, ಆ ಮುರಿದದ್ದೇ ಅದು. ಭಾವ ಮರೆತಿದ್ದಾರೆ. ಮನೆಯಲ್ಲಿರುವ ಬೂದು ಹಲಗೆಯೆಲ್ಲ ಅವರಿಗೆ ಒಂದೇ ಹಲಗೆ. ಅವರಿಗೆ ಒಂದು ತಿರುಪು ಕಳೆದರೆ ಅದೇ ಅಳತೆಯ ಇನ್ನೊಂದು ತಿರುಪು ಡಬ್ಬಿಯಲ್ಲಿರುತ್ತದೆ, ಎರಡಕ್ಕೂ ವ್ಯತ್ಯಾಸವಿರುವುದಿಲ್ಲ. ಗೋಡೆ ಹಾಗಲ್ಲ. ನೀವು ಬಚ್ಚಲುಮನೆಯ ಚಾವಣಿಯನ್ನು ಪರೀಕ್ಷೆ ಮಾಡಿಸಿ ಅಡುಗೆಮನೆ ಒಡೆಯಲು ಹೊರಟಿದ್ದೀರಿ.

ನನಗೆ ಕೆಲಸ ಕಲಿಸಿದ ಕೊಳವೆ ಮಾಸ್ತರರ ಬಗ್ಗೆ ನಿನಗೆ ಹೇಳಿದ್ದೆ, ನೀನು ಕಳಿಸಿದ್ದ ಸ್ವೆಟರು ನೋಡಿ ತಮಗೂ ಒಂದು ಬೇಕೆಂದಿದ್ದರಲ್ಲ, ಅವರು. ಕೊಳವೆಗಳ ಹಳೆಯ ಕಲ್ನಾರು ಸುತ್ತನ್ನೆಲ್ಲ ಬರಿಗೈಯಲ್ಲಿ ಕಿತ್ತು ಹಾಕಿದವರು. ಹೋದ ವರ್ಷ ನೋಡಲು ಹೋಗಿದ್ದೆ. ಮಲಗಿದರೆ ಉಸಿರು ನಿಲ್ಲುತ್ತದೆ ಎಂದು ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಾರೆ. ಒಂದು ಲೋಟ ನೀರು ಕುಡಿಯಲು ಮೂರು ಸಲ ನಿಲ್ಲಿಸಿದರು. ಇದನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ.

ನೀನು ಅವಸರ ಅವಸರ ಎನ್ನುತ್ತೀಯ. ಯಾತಕ್ಕೆ? ಕಣ್ಣಿಗೆ ಚಂದ ಕಾಣಲಿ ಅಂತ ಎದೆಯೊಳಗೆ ವಿಷ ತುಂಬಿಕೊಳ್ಳುತ್ತೀಯಾ? ನಿನ್ನ ಕಣ್ಣಿನ ಆಸೆಗೆ ಭಾವನ ಉಸಿರು, ಮೇಸ್ತ್ರಿಯ ಉಸಿರು ಎಲ್ಲ ಬೇಕೇ? ಒಂದು ವರ್ಷ ಹಳೆಯ ಅಡುಗೆಮನೆ ನೋಡಿಕೊಂಡಿದ್ದರೆ ಏನು ಗಂಟು ಹೋಗುತ್ತಿತ್ತು?

ಒಡೆದಿದ್ದರೆ ಬಾಗಿಲು ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಕೊಟ್ಟು, ಒಳಗೆ ಯಾರೂ ಕಾಲಿಡಬೇಡಿ. ಗುಡಿಸಬೇಡಿ. ಆ ಕೆಲಸ ಗೊತ್ತಿರುವವರನ್ನು ಕರೆಸಿ. ಒಂದು ತಂತಿ ಕಳಿಸು.

ತಮ್ಮ


ಏಪ್ರಿಲ್ 3

ಅಕ್ಕಾ,

ಉತ್ತರವಿಲ್ಲ. ಇಲ್ಲಿಯ ಏಜೆಂಟರು ನನ್ನನ್ನು ನೋಡಿದರೆ ದೂರದಿಂದಲೇ ಕೈ ಅಲ್ಲಾಡಿಸುತ್ತಾರೆ, ಏನೂ ಬಂದಿಲ್ಲವೆಂದು. ಹೋದ ಬಂದರಿಗೆ ಏನಾದರೂ ಬಂದಿದ್ದರೆ ಅದು ನಮ್ಮ ಬೆನ್ನು ಹತ್ತಿ ಬರುವಷ್ಟರಲ್ಲಿ ನಾವು ಇನ್ನೊಂದು ಬಂದರಿನಲ್ಲಿರುತ್ತೇವೆ.

ಎಂಜಿನ್ ಕೋಣೆಯಲ್ಲಿ ನಿಂತಿದ್ದರೂ ತಲೆಯಲ್ಲಿ ನಿನ್ನ ಅಡುಗೆಮನೆ. ಮೇಸ್ತ್ರಿ ಸುತ್ತಿಗೆ ಎತ್ತುತ್ತಾರೆ, ನೀನು ಸೆರಗಿನಿಂದ ಮೂಗು ಮುಚ್ಚಿಕೊಂಡು ಪೊರಕೆ ಹಿಡಿದು ನಿಂತಿದ್ದೀಯ. ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಒಂದು ಕವಾಟ ತಿರುಗಿಸುವ ಬದಲು ಇನ್ನೊಂದು ತಿರುಗಿಸಿ ಬೈಸಿಕೊಂಡೆ.

ಹೋದ ಕಾಗದದಲ್ಲಿ ಒರಟಾಗಿ ಬರೆದೆ. ಕೋಪವಲ್ಲ, ಹೆದರಿಕೆ. ನನಗೆ ಅವೆರಡೂ ಒಂದೇ ಥರ ಬರುತ್ತವೆ ಎಂದು ಚಿಕ್ಕಂದಿನಿಂದ ನಿನಗೆ ಗೊತ್ತು. ನನಗೆ ಇರುವುದು ನೀನೊಬ್ಬಳೇ ಅಕ್ಕ. ಬೈದಾದರೂ ಒಂದು ಸಾಲು ಬರೆ.

ತಮ್ಮ


ಏಪ್ರಿಲ್ 8

ತಮ್ಮಾ,

ಅಕ್ಷರ ನೋಡಿ ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ನಿನ್ನ ಭಾವ ಬರೆಯುತ್ತಿದ್ದಾರೆ. ಅಂಗಡಿಗೆ ಬೀಗ ಹಾಕಿ ಬಂದು ಕೂತಿದ್ದಾರೆ. (ಅರ್ಧ ದಿನದ ಮಟ್ಟಿಗೆ. ಭಾವ.)

ಗೋಡೆ ಒಡೆದಿಲ್ಲ. ಮೊದಲು ಅದನ್ನು ಓದಿ ಉಸಿರು ಬಿಡು. ನಿನ್ನ ತಂತಿ ಬಂದ ದಿನವೇ ಉತ್ತರ ಕಳಿಸಿದೆವು, ನಿನ್ನ ಹಡಗು ಹೊರಟುಹೋಗಿದೆ ಎಂದು ಅದು ವಾಪಸು ಬಂತು.

ನಿನ್ನ ತಂತಿ ಬರುವ ಮೊದಲೇ ಕೆಲಸ ನಿಂತಿತ್ತು. ನಿಲ್ಲಿಸಿದ್ದು ನಾನು. ಅದನ್ನು ಹೇಳಬೇಕಾದರೆ ಬೇರೆಯದನ್ನೂ ಹೇಳಬೇಕು.

ನನ್ನ ಕಣ್ಣು ಹೋಗುತ್ತಿದೆ. ಎರಡು ವರ್ಷವಾಯಿತು. ಒಳಗಿನ ನರ ಒಣಗುತ್ತಿದೆಯಂತೆ, ಕನ್ನಡಕದಿಂದ ಆಗುವಂಥದ್ದಲ್ಲ. ನಡುವೆ ಮಬ್ಬು, ಅಂಚಿನಲ್ಲಿ ಮಾತ್ರ ಕಾಣುತ್ತದೆ. ಎದುರಿಗಿರುವವರ ಮುಖ ಕಾಣಬೇಕಾದರೆ ಪಕ್ಕದ ಗೋಡೆ ನೋಡಬೇಕು. ಈ ವರ್ಷ ಕಳೆಯುವ ಹೊತ್ತಿಗೆ ಬೆಳಕು, ನೆರಳು ಇಷ್ಟೇ ಉಳಿಯಬಹುದು ಎಂದು ಡಾಕ್ಟರು ಹೇಳಿದ್ದಾರೆ. ನಿನಗೆ ತಿಳಿಸಬಾರದು ಎಂದು ನಿನ್ನ ಭಾವನಿಂದ ಭಾಷೆ ತೆಗೆದುಕೊಂಡಿದ್ದೆ. ನೀನು ನೀರಿನ ಮೇಲೆ ಕೂತು ಏನು ಮಾಡಲು ಸಾಧ್ಯ, ಸುಮ್ಮನೆ ಕೊರಗುತ್ತೀಯ ಎಂದು.

ಅವಸರ ಅದಕ್ಕೆ. ಕಣ್ಣಿರುವಾಗಲೇ ಅಡುಗೆಮನೆ ಒಂದೇ ಸಾಲಿಗೆ ತಂದುಕೊಂಡು, ಕೈಗೆ ಅಭ್ಯಾಸ ಮಾಡಿಸಿಬಿಟ್ಟರೆ, ಆಮೇಲೆ ಯಾರಾದರೂ ನನಗೆ ಬಡಿಸುವುದನ್ನು ಕಾಯುತ್ತಾ ಕೂರಬೇಕಿಲ್ಲ ಎಂದುಕೊಂಡೆ. ಕುರುಡಿಯಾಗುವುದಕ್ಕೆ ನನಗೆ ಅಷ್ಟು ಭಯವಿಲ್ಲ ತಮ್ಮಾ. ತಟ್ಟೆ ಮುಂದಿಟ್ಟುಕೊಂಡು ಕಾಯುವುದಕ್ಕೆ ಭಯ. (ನಾನು ಚೆನ್ನಾಗಿಯೇ ಬಡಿಸುತ್ತೇನೆ. ಭಾವ.)

ಈಗ ಹತ್ತನೇ ತಾರೀಕಿನ ಕಥೆ. ಅಡುಗೆಮನೆಯ ಸಾಮಾನನ್ನು ಶೆಡ್ಡಿಗೆ ಸಾಗಿಸಿದ್ದೆವಲ್ಲ, ಬೆಳಿಗ್ಗೆ ಒಂದು ಪಾತ್ರೆ ಹುಡುಕುತ್ತಾ ಅಲ್ಲಿ ತಡಕಾಡುತ್ತಿದ್ದೆ. ಆ ತುಂಡು ಕೈಗೆ ಸಿಕ್ಕಿತು. ಹಿಂಬದಿ ಬಟ್ಟೆಯ ನೇಯ್ಗೆಯ ಹಾಗಿತ್ತು, ಸಣ್ಣ ಚೌಕ ಚೌಕ. ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಒಲೆಯ ಪಕ್ಕದಲ್ಲಿ ಗೋಡೆಯ ಹಲಗೆ ಒಂದು ಬೆರಳಷ್ಟು ಬಿಟ್ಟುಕೊಂಡಿದೆ. ಕಳೆದ ಒಂದು ವರ್ಷದಿಂದ ಕಣ್ಣು ಮುಚ್ಚಿಕೊಂಡು ಆ ಗೋಡೆ ಹಿಡಿದೇ ನಡೆಯುವುದನ್ನು ಕಲಿಯುತ್ತಿದ್ದೇನೆ, ಅದರ ಹಿಂಬದಿ ನನ್ನ ಬೆರಳಿಗೆ ಗೊತ್ತು. ಅಲ್ಲಿ ಚೌಕವಿಲ್ಲ, ಗುಳಿ ಗುಳಿ.

ಅಡುಗೆಮನೆಗೆ ಹೋಗುವಷ್ಟರಲ್ಲಿ ಮೇಸ್ತ್ರಿ ಉಳಿ ಹಿಡಿದು ನಿಂತಿದ್ದರು. "ನಿಲ್ಸಿ, ಇದು ಬೇರೆ ಹಲಗೆ," ಎಂದೆ. ತುಂಡು ತರಿಸಿದರು. ಬೆಳಕಿಗೆ ಹಿಡಿದು ನೋಡಿದರು. "ಎರಡೂ ಒಂದೇ ಮಾಲು ಕಣಮ್ಮಾ, ಬಣ್ಣ ನೋಡಿ," ಎಂದರು. ನಿನ್ನ ಭಾವ ಭೂತಗನ್ನಡಿ ಹಾಕಿಕೊಂಡು ನೋಡಿ, "ಒಂದೇ ಇದ್ದ ಹಾಗಿದೆ ಕಣೆ," ಎಂದರು. ಕಣ್ಣಿದ್ದವರಿಗೆಲ್ಲ ಎರಡೂ ಬೂದು. ನಾನು ಒಲೆಗೆ ಬೆನ್ನು ಕೊಟ್ಟು ನಿಂತುಬಿಟ್ಟೆ. ನನಗೂ ಅದು ಒಂದೇ ಆಗಿರಲಿ ಎಂದೇ ಆಸೆಯಿತ್ತು, ಯಾರಿಗಿಂತಲೂ ಹೆಚ್ಚು. ಆದರೆ ಬೆರಳು ಸುಳ್ಳು ಹೇಳುತ್ತಿರಲಿಲ್ಲ. (ಬೈದು ಮೇಸ್ತ್ರಿಯನ್ನು ಕಳಿಸಿದ್ದು ಬರೆಸುತ್ತಿಲ್ಲ. ಭಾವ.)

ಈ ಸಲ ಪರೀಕ್ಷೆಯವರೇ ಬಂದು ಗೋಡೆಯಿಂದ ಚೂರು ತೆಗೆದುಕೊಂಡು ಹೋದರು. ಕಲ್ನಾರು ಇದೆ. ಕೀಳುವ ಕೆಲಸ ಗೊತ್ತಿರುವವರು ವರ್ಷದ ಕೊನೆಯವರೆಗೆ ಬಿಡುವಿಲ್ಲ ಎಂದರು. ಮುಟ್ಟದೆ ಹಾಗೇ ಬಿಟ್ಟರೆ ಏನೂ ಆಗುವುದಿಲ್ಲವಂತೆ. ಬಿಟ್ಟುಕೊಂಡ ಸಂದಿಯನ್ನು ಅವರೇ ಮುಚ್ಚಿದರು, ಮುಂದೆ ನೆಲದಿಂದ ಒಂದು ಚೌಕಟ್ಟು ನಿಲ್ಲಿಸಿ ಬೆಂಕಿ ಹಿಡಿಯದ ಬೇರೆ ಹಲಗೆಯಿಂದ ಮರೆ ಮಾಡಬೇಕೆಂದರು. ಆ ಗೋಡೆಗೆ ಒಂದು ಮೊಳೆಯೂ ಹೊಡೆಯುವ ಹಾಗಿಲ್ಲ. ಅಂದರೆ ಒಲೆ ಇದ್ದಲ್ಲೇ, ಸಿಂಕು ಇದ್ದಲ್ಲೇ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ತುಂಬ ಅತ್ತೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ನಿನ್ನ ಭಾವ ಓದುತ್ತಾ ಓದುತ್ತಾ ಒಂದು ಕಡೆ ಕೆಮ್ಮಿದರು. "ಓದಿ," ಎಂದೆ. "ಏನಿಲ್ಲ, ಕ್ಷೇಮ ಸಮಾಚಾರ," ಎಂದರು. "ಅವನು ಯಾವತ್ತು ಕ್ಷೇಮ ಸಮಾಚಾರ ಬರೆದಿದಾನೆ, ಓದಿ," ಎಂದು ಜೋರು ಮಾಡಿದೆ. ಕಣ್ಣಿಗೆ ಚಂದ ಕಾಣಲಿ ಅಂತ, ಎಂದು ಓದಿದರು. ಮೊದಲು ನನಗೆ ನಗು ಬಂತು. ಆಮೇಲೆ ಅವರು ನಗದೆ ಇದ್ದದ್ದು ಗೊತ್ತಾಗಿ ನಗು ನಿಲ್ಲಿಸಿದೆ. ನೀನು ಅದಕ್ಕೆ ಕೊರಗಬೇಡ. ಹೇಳದೆ ಇದ್ದವಳು ನಾನು.

ಮರುದಿನ ಸಾಮಾನೆಲ್ಲ ವಾಪಸು ಜೋಡಿಸಿದೆವು. ಚಹಾಕ್ಕೆ ನೀರಿಟ್ಟು ಏನೋ ಯೋಚಿಸುತ್ತಾ ನಿಂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ಸಕ್ಕರೆ ಹಾಕಿ ಆಗಿದೆ, ಸೋಸಿ ಆಗಿದೆ, ಸಿಂಕಿನವರೆಗೆ ನಡೆದು ಪಾತ್ರೆ ಇಟ್ಟು ಬಂದಿದ್ದೇನೆ. ಯಾವುದನ್ನೂ ನೋಡಿ ಮಾಡಿರಲಿಲ್ಲ. ಹೊಸ ಅಡುಗೆಮನೆ ಬಾಯಿಪಾಠ ಮಾಡಲು ಒದ್ದಾಡುತ್ತಿದ್ದೆ, ಹಳೆಯದು ಎಂದೋ ಬಂದುಬಿಟ್ಟಿತ್ತು. ಬಿಸಿ ಪಾತ್ರೆಯದ್ದೇ ಕಷ್ಟ. ಒಲೆಯಿಂದ ಸಿಂಕಿನವರೆಗೆ ಒಂದು ಕಟಕಟೆ ಮಾಡಿಸಿ, ಅದನ್ನು ಹಿಡಿದುಕೊಂಡು ಹೋಗುವ ಹಾಗೆ ನಿನ್ನ ಭಾವ ನಕ್ಷೆ ಬರೆದಿದ್ದಾರೆ. ನೆಲಕ್ಕೆ ನಿಲ್ಲಿಸುವುದು, ಗೋಡೆ ಮುಟ್ಟುವುದಿಲ್ಲ.

ಇಷ್ಟೇ. ನೀನು ಕೆಲಸ ಬಿಟ್ಟು ಓಡಿ ಬರಬೇಕಿಲ್ಲ. ಕಂಪನಿಯವರು ಏನು ಹೇಳುತ್ತಾರೋ ಹಾಗೆ ಮಾಡು. ನಾವು ಕ್ಷೇಮ.

ಅಕ್ಕ

(ಅವಳು ನೀರು ಕುಡಿಯಲು ಎದ್ದಿದ್ದಾಳೆ. ಇದನ್ನು ಅವಳು ಹೇಳಿಲ್ಲ, ಓದುವುದಕ್ಕೂ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓಡಿ ಬರಬೇಕಿಲ್ಲ ಎಂಬುದನ್ನು ನಂಬಬೇಡ. ದಿನಾ ಬೆಳಿಗ್ಗೆ ನನ್ನ ಭೂತಗನ್ನಡಿ ತೆಗೆದುಕೊಂಡು ಕಿಟಕಿಯ ಹತ್ತಿರ ನಿನ್ನ ಫೋಟೋ ಹಿಡಿದು ನಿಲ್ಲುತ್ತಾಳೆ. ಟೋಪಿಯ ಕೆಳಗೆ ಏನೂ ಸಿಗುವುದಿಲ್ಲ ಎಂದು ಬೈಯುತ್ತಾಳೆ. ಬಾ. ಭಾವ.)


ಏಪ್ರಿಲ್ 27

ಅಕ್ಕಾ,

ಕಪ್ಪು ಶಾಯಿಯಲ್ಲಿ, ಹಡಗಿನ ಡಬ್ಬಿಗಳ ಮೇಲೆ ಹೆಸರು ಬರೆಯುವ ಕುಂಚದಿಂದ ಬರೆಯುತ್ತಿದ್ದೇನೆ.

ಪುಟಕ್ಕೆ ಮೂರೇ ಸಾಲು ಹಿಡಿಯುತ್ತದೆ. ಕಾಗದದ ಅಂಗಡಿಯವನ ಜೊತೆ ನನ್ನದೂ ಒಪ್ಪಂದವಾಯಿತು.

ಕಂಪನಿಯವರು ಹೇಳಬೇಕು ಎಂದದ್ದು ಸುಳ್ಳು. ಇನ್ನೊಂದು ವರ್ಷಕ್ಕೆ ಜನವರಿಯಲ್ಲೇ ಸಹಿ ಹಾಕಿದ್ದೆ. ಈಗ ಬಿಡಿಸಿಕೊಂಡೆ.

ಕಟಕಟೆ ನಾನು ಬಂದ ಮೇಲೆ ಮಾಡೋಣ. ಎಂಜಿನ್ ಕೋಣೆಯಲ್ಲಿ ನಾವೂ ಅದನ್ನೇ ಹಿಡಿದು ನಡೆಯುವುದು.

ಈ ಕಾಗದ ಭಾವನ ಕೈಗೆ ಕೊಡಬೇಡ. ಪಕ್ಕದ ಗೋಡೆ ನೋಡುತ್ತಾ ನೀನೇ ಓದು.

ಮೇ ಹನ್ನೆರಡಕ್ಕೆ ಬರುತ್ತೇನೆ. ಟೋಪಿ ಇಲ್ಲಿಯೇ ಯಾರಿಗಾದರೂ ಕೊಟ್ಟು ಬರುತ್ತೇನೆ.

ಹಿಂದಿನ ಸಂಜೆಯೇ ತಲುಪುವ ರೈಲೂ ಇದೆ, ಆದರೆ ಬೆಳಿಗ್ಗೆ ತಲುಪುವುದಕ್ಕೇ ಬರುತ್ತೇನೆ. ಆಗ ಬಾಗಿಲ ಹತ್ತಿರ ಬಿಸಿಲಿರುತ್ತದೆ.

ತಮ್ಮ